ಸ್ವಂತ ದುಡಿಮೆಗೆ ಯಾವ ವಿಮೆ: ಮೊದಲು ಬೇಕಾದದ್ದು, ಆಮೇಲೆ ನೋಡಬಹುದಾದದ್ದು, ಬಿಡಬಹುದಾದದ್ದು

ಸ್ವಂತ ಉದ್ಯೋಗ ಆರಂಭಿಸಿದವರು ಸಾಮಾನ್ಯವಾಗಿ ಮೊದಲು ವಿಮೆ ಮಾಡಿಸುವುದು ಕಣ್ಣೆದುರಿಗಿರುವ ವಸ್ತುಗಳಿಗೆ. ಛಾಯಾಗ್ರಾಹಕರು ಕ್ಯಾಮೆರಾಕ್ಕೆ, ಬಡಗಿಗಳು ಯಂತ್ರಗಳಿಗೆ, ಮನೆಯಿಂದಲೇ ಕೆಲಸ ಮಾಡುವ ತಂತ್ರಾಂಶ ತಜ್ಞರು ಲ್ಯಾಪ್‌ಟಾಪಿಗೆ ಪಾಲಿಸಿ ಮಾಡಿಸಿ ನಿಶ್ಚಿಂತರಾಗುತ್ತಾರೆ. ಹಾಗೆ ಮಾಡಿಸುವುದು ತಪ್ಪಲ್ಲ, ಆದರೆ ಕ್ರಮ ತಲೆಕೆಳಗಾಗಿದೆ. ಕ್ಯಾಮೆರಾ ಕಳೆದುಹೋದರೆ ಸಾಲ ಮಾಡಿಯಾದರೂ ಇನ್ನೊಂದನ್ನು ಕೊಳ್ಳಬಹುದು. ಚಿತ್ರೀಕರಣದ ವೇಳೆ ದೀಪದ ಕಂಬ ಉರುಳಿ ಯಾರದೋ ಬೆನ್ನುಮೂಳೆಗೆ ಪೆಟ್ಟಾದರೆ, ಅಥವಾ ಛಾಯಾಗ್ರಾಹಕರ ಬಲಗೈಯೇ ಆರು ತಿಂಗಳು ಕೆಲಸಕ್ಕೆ ಬಾರದಂತಾದರೆ, ಆ ನಷ್ಟವನ್ನು ಉಳಿತಾಯದಿಂದ ತುಂಬಿಕೊಳ್ಳುವುದು ಬಹುತೇಕರಿಂದ ಆಗದ ಮಾತು. ಹಲವು ಬಗೆಯ ವಿಮೆಗಳನ್ನು ಹೋಲಿಸಿ ನೋಡುವಾಗ ನಾನು ಹಿಡಿಯುವ ಅಳತೆಗೋಲು ಇದು: ಯಾವ ನಷ್ಟ ಸಂಭವಿಸಿದರೆ ದುಡಿಮೆಯೇ ನಿಂತುಹೋಗುತ್ತದೆಯೋ ಅದಕ್ಕೆ ಮೊದಲು ರಕ್ಷಣೆ ಬೇಕು, ಯಾವುದನ್ನು ಕೈಯಿಂದ ಭರಿಸಿಕೊಳ್ಳಬಹುದೋ ಅದು ಕಾಯಬಹುದು.

ಸಂಬಳಕ್ಕೆ ದುಡಿಯುವವರಿಗೂ ಸ್ವಂತ ಉದ್ಯೋಗಿಗಳಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಸ್ವಂತ ಉದ್ಯೋಗಿಗಳ ವ್ಯವಹಾರಕ್ಕೂ ಸಂಸಾರಕ್ಕೂ ನಡುವೆ ಗೋಡೆ ಇರುವುದಿಲ್ಲ. ಕಂಪನಿಯಾಗಿ ನೋಂದಾಯಿಸಿಕೊಳ್ಳದೆ ತಮ್ಮ ಹೆಸರಿನಲ್ಲೇ ವ್ಯವಹಾರ ನಡೆಸುವವರ ಮೇಲೆ ನ್ಯಾಯಾಲಯವು ಪರಿಹಾರದ ಆದೇಶ ಹೊರಡಿಸಿದರೆ, ಅದು ವ್ಯವಹಾರದ ಖಾತೆಯ ಹಣಕ್ಕಷ್ಟೇ ಸೀಮಿತವಾಗದೆ ಮನೆ, ವಾಹನ, ಉಳಿತಾಯಗಳವರೆಗೂ ಕೈಚಾಚಬಲ್ಲದು. ಕಂಪನಿಯಾಗಿ ನೋಂದಾಯಿಸಿಕೊಂಡರೂ ಪೂರ್ತಿ ನಿರಾಳವಾಗುವಂತಿಲ್ಲ, ಏಕೆಂದರೆ ತಾವೇ ಕೈಯಾರೆ ಮಾಡಿದ ಕೆಲಸದಲ್ಲಿ ನಿರ್ಲಕ್ಷ್ಯ ನಡೆದಿದ್ದರೆ ವೈಯಕ್ತಿಕವಾಗಿಯೂ ಹೊಣೆಯಾಗುವ ಸಂದರ್ಭಗಳಿವೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಮನೆಗೆ ವಿಮೆ ಇದೆ, ವಾಹನಕ್ಕೆ ವಿಮೆ ಇದೆ, ಹಾಗಾಗಿ ಮನೆಯಿಂದ ನಡೆಸುವ ಕೆಲಸಕ್ಕೂ ಅದೇ ಸಾಕು ಎಂದು ಹಲವರು ನಂಬಿರುತ್ತಾರೆ. ಮನೆಯ ವಿಮೆ ಸಾಮಾನ್ಯವಾಗಿ ವ್ಯಾಪಾರದ ಸರಕನ್ನೂ ವ್ಯಾಪಾರಕ್ಕೆ ಸಂಬಂಧಿಸಿದ ಹೊಣೆಗಾರಿಕೆಯನ್ನೂ ಹೊರಗಿಡುತ್ತದೆ, ಇಲ್ಲವೇ ಬಹಳ ಸಣ್ಣ ಮಿತಿಯಲ್ಲಿ ಒಳಗೊಳ್ಳುತ್ತದೆ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವಾಹನದಲ್ಲಿ ಬಾಡಿಗೆಗೆ ಸರಕು ಸಾಗಿಸುವಾಗ ಅಪಘಾತವಾದರೆ ಕ್ಲೇಮು ತಿರಸ್ಕಾರವಾಗುವ ಸಾಧ್ಯತೆ ಇದೆ. ಹೊಸ ಪಾಲಿಸಿಗಳನ್ನು ಹೋಲಿಸುವ ಮೊದಲು ಈಗಾಗಲೇ ಕೈಯಲ್ಲಿರುವ ಪಾಲಿಸಿಗಳಲ್ಲಿ ವ್ಯಾಪಾರ ಬಳಕೆಯ ಬಗ್ಗೆ ಏನು ಬರೆದಿದೆ ಎಂದು ಓದಿಕೊಂಡರೆ, ಎಲ್ಲಿ ಬಿರುಕಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹೊಣೆಗಾರಿಕೆಯ ಎರಡು ವಿಮೆಗಳು

ಹೊಣೆಗಾರಿಕೆ ವಿಮೆ ಎಂಬ ಒಂದೇ ಹೆಸರಿನಡಿ ಮಾರಾಟವಾಗುವ ಎರಡು ಬೇರೆ ಬೇರೆ ರಕ್ಷಣೆಗಳಿವೆ, ಮತ್ತು ಒಂದನ್ನು ಕೊಂಡು ಇನ್ನೊಂದು ದೊರೆತಿದೆ ಎಂದು ಭಾವಿಸುವುದು ಬಹಳ ದುಬಾರಿಯಾದ ತಪ್ಪು. ಸಾರ್ವಜನಿಕ ಹೊಣೆಗಾರಿಕೆ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ, ನಮ್ಮ ಕೆಲಸದಿಂದ ಹೊರಗಿನವರ ದೇಹಕ್ಕೆ ಗಾಯವಾದಾಗ ಅಥವಾ ಅವರ ಆಸ್ತಿಗೆ ಹಾನಿಯಾದಾಗ ನೆರವಿಗೆ ಬರುತ್ತದೆ. ನೀರಿನ ಕೊಳವೆ ದುರಸ್ತಿಗೆ ಹೋದವರು ಜೋಡಣೆಯನ್ನು ಸರಿಯಾಗಿ ಬಿಗಿಯದೆ ಬಂದು, ರಾತ್ರಿಯಿಡೀ ನೀರು ಹರಿದು ಕೆಳಮನೆಯ ಛಾವಣಿ ಕುಸಿದರೆ, ಅದು ಈ ವಿಮೆಯ ವಿಷಯ. ವೃತ್ತಿ ಹೊಣೆಗಾರಿಕೆ ವಿಮೆ, ಅಂದರೆ ಪ್ರೊಫೆಷನಲ್ ಇಂಡೆಮ್ನಿಟಿ, ನಮ್ಮ ಸಲಹೆ, ವಿನ್ಯಾಸ, ಲೆಕ್ಕ ಅಥವಾ ಬರಹದ ತಪ್ಪಿನಿಂದ ಗ್ರಾಹಕರಿಗೆ ಹಣದ ನಷ್ಟವಾದಾಗ ಬೇಕಾಗುವುದು. ಲೆಕ್ಕಪತ್ರ ನೋಡಿಕೊಳ್ಳುವವರು ಗಡುವು ತಪ್ಪಿಸಿ ಗ್ರಾಹಕರು ದಂಡ ಕಟ್ಟುವಂತಾದರೆ ಯಾರಿಗೂ ಗಾಯವಾಗಿಲ್ಲ, ಯಾವ ವಸ್ತುವೂ ಒಡೆದಿಲ್ಲ, ಹಾಗಾಗಿ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆಯ್ಕೆಗೆ ಒಂದು ಸರಳ ದಾರಿಯಿದೆ. ಜನರು ನಿಮ್ಮ ಸ್ಥಳಕ್ಕೆ ಬರುತ್ತಾರೆಯೇ, ಅಥವಾ ನೀವು ಅವರ ಸ್ಥಳಕ್ಕೆ ಹೋಗಿ ಕೈಯಿಂದ ಕೆಲಸ ಮಾಡುತ್ತೀರೇ? ಹಾಗಿದ್ದರೆ ಮೊದಲನೆಯದು ಬೇಕು. ಜನರು ನಿಮ್ಮ ಮಾತನ್ನೋ ಬರಹವನ್ನೋ ನಂಬಿ ಹಣ ಹೂಡುತ್ತಾರೆಯೇ, ನಿರ್ಧಾರ ಮಾಡುತ್ತಾರೆಯೇ? ಹಾಗಿದ್ದರೆ ಎರಡನೆಯದು ಬೇಕು. ಎರಡಕ್ಕೂ ಹೌದು ಎನ್ನುವ ವೃತ್ತಿಗಳು ಕಡಿಮೆಯೇನಲ್ಲ. ಕಟ್ಟಡದ ವಿನ್ಯಾಸ ಮಾಡಿ ಕಾಮಗಾರಿಯ ಸ್ಥಳಕ್ಕೂ ಹೋಗುವವರು, ವ್ಯಾಯಾಮ ಕಲಿಸುವವರು, ಒಳಾಂಗಣ ವಿನ್ಯಾಸಕರು ಇವರೆಲ್ಲ ಎರಡನ್ನೂ ಒಟ್ಟಿಗೆ ಕೊಡುವ ಪಾಲಿಸಿಯನ್ನು ಹುಡುಕುವುದು ಲೇಸು, ಏಕೆಂದರೆ ಎರಡು ಕಂಪನಿಗಳಲ್ಲಿ ಬೇರೆ ಬೇರೆ ಪಾಲಿಸಿ ಇದ್ದರೆ, ಘಟನೆ ಗಡಿರೇಖೆಯ ಮೇಲೆ ನಡೆದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವ ಅಪಾಯವಿದೆ. ವಸ್ತುಗಳನ್ನು ತಯಾರಿಸಿ ಮಾರುವವರು ಉತ್ಪನ್ನ ಹೊಣೆಗಾರಿಕೆಯೂ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಸಾಬೂನು, ಆಟಿಕೆ, ತಿನಿಸು ಇಂಥವುಗಳಲ್ಲಿ ಹಾನಿ ಕಾಣಿಸಿಕೊಳ್ಳುವುದು ಮಾರಾಟವಾಗಿ ಬಹಳ ದಿನಗಳಾದ ಮೇಲೆ.

ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿಗಳನ್ನು ಹೋಲಿಸುವಾಗ ಒಂದು ಷರತ್ತಿನ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ನಿಮ್ಮ ವಶದಲ್ಲಿರುವ, ನಿಮ್ಮ ಸುಪರ್ದಿಗೆ ಒಪ್ಪಿಸಿದ ಅಥವಾ ನೀವು ಕೆಲಸ ಮಾಡುತ್ತಿರುವ ವಸ್ತುವಿಗೆ ಆಗುವ ಹಾನಿಯನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಗಡಿಯಾರ ದುರಸ್ತಿ ಮಾಡುವವರು, ಬಟ್ಟೆ ಹೊಲಿಯುವವರು, ಹಳೆಯ ಪೀಠೋಪಕರಣಗಳಿಗೆ ಹೊಳಪು ಕೊಡುವವರು ಇವರೆಲ್ಲರ ನಿಜವಾದ ಅಪಾಯ ಇರುವುದೇ ಅಲ್ಲಿ. ಗ್ರಾಹಕರ ವಸ್ತುವೇ ಹಾಳಾಗುವುದು ಅವರ ದಿನನಿತ್ಯದ ಭಯ, ಮತ್ತು ಸಾಮಾನ್ಯ ಪಾಲಿಸಿಯಲ್ಲಿ ರಕ್ಷಣೆ ಇಲ್ಲದಿರುವುದೂ ಅದಕ್ಕೇ. ಹೆಚ್ಚುವರಿ ಕಂತು ಕಟ್ಟಿ ಈ ರಕ್ಷಣೆಯನ್ನು ಸೇರಿಸಿಕೊಳ್ಳಲು ಸಾಧ್ಯವಿದ್ದರೆ, ಅಗ್ಗದ ಪಾಲಿಸಿಗಿಂತ ಅದನ್ನು ಕೊಡುವ ಪಾಲಿಸಿಯೇ ಮೇಲು.

ಯಾವ ದಿನದ ಪಾಲಿಸಿ ಲೆಕ್ಕಕ್ಕೆ ಬರುತ್ತದೆ

ವಿಮೆ ಕೊಳ್ಳುವವರು ಅತಿ ಕಡಿಮೆ ಗಮನಿಸುವ, ಆದರೆ ವೃತ್ತಿ ಹೊಣೆಗಾರಿಕೆಯ ಹೋಲಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಅಂಶ ಇದು. ಪಾಲಿಸಿಗಳು ಎರಡು ಆಧಾರಗಳ ಮೇಲೆ ಕೆಲಸ ಮಾಡುತ್ತವೆ. ಘಟನೆ ಆಧಾರಿತ ಪಾಲಿಸಿಯಲ್ಲಿ ಹಾನಿ ನಡೆದ ದಿನ ಪಾಲಿಸಿ ಜಾರಿಯಲ್ಲಿದ್ದರೆ ಸಾಕು, ಹಕ್ಕೊತ್ತಾಯ ಐದು ವರ್ಷಗಳ ನಂತರ ಬಂದರೂ ಆ ದಿನದ ಪಾಲಿಸಿಯೇ ಉತ್ತರಿಸುತ್ತದೆ. ಕ್ಲೇಮು ಆಧಾರಿತ ಪಾಲಿಸಿಯಲ್ಲಿ ಗ್ರಾಹಕರು ನಿಮ್ಮ ಮೇಲೆ ಹಕ್ಕೊತ್ತಾಯ ಮಾಡಿದ ದಿನ, ಮತ್ತು ನೀವು ಅದನ್ನು ವಿಮಾ ಕಂಪನಿಗೆ ತಿಳಿಸಿದ ದಿನ, ಪಾಲಿಸಿ ಜಾರಿಯಲ್ಲಿರಬೇಕು. ವೃತ್ತಿ ಹೊಣೆಗಾರಿಕೆಯ ಪಾಲಿಸಿಗಳು ಬಹುಪಾಲು ಎರಡನೆಯ ಬಗೆಯವು. ಸಾರ್ವಜನಿಕ ಹೊಣೆಗಾರಿಕೆಯವು ಹಲವೆಡೆ ಮೊದಲನೆಯ ಬಗೆಯವಾದರೂ ಎಲ್ಲ ಕಡೆ ಹಾಗಿರುವುದಿಲ್ಲ, ಆದ್ದರಿಂದ ಊಹೆ ಮಾಡದೆ ಓದಿ ತಿಳಿಯಬೇಕು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ರಚನಾ ಎಂಜಿನಿಯರೊಬ್ಬರು ಮೊದಲ ವರ್ಷ ಒಂದು ತೊಲೆಯ ಲೆಕ್ಕದಲ್ಲಿ ತಪ್ಪು ಮಾಡುತ್ತಾರೆ. ಮೂರನೆಯ ವರ್ಷ, ಕಡಿಮೆ ಕಂತಿನ ಆಸೆಯಿಂದ, ಅವರು ಬೇರೆ ಕಂಪನಿಗೆ ಬದಲಾಯಿಸುತ್ತಾರೆ. ನಾಲ್ಕನೆಯ ವರ್ಷ ಗೋಡೆ ಸೀಳುತ್ತದೆ, ಕಟ್ಟಡದ ಮಾಲೀಕರು ಪರಿಹಾರ ಕೇಳುತ್ತಾರೆ. ಹಳೆಯ ಕಂಪನಿಯ ಪಾಲಿಸಿ ಮುಗಿದಿದೆ. ಹೊಸ ಕಂಪನಿಯ ಪಾಲಿಸಿಯಲ್ಲಿ ಪೂರ್ವಾನ್ವಯ ದಿನಾಂಕ ಎಂಬುದೊಂದು ಇರುತ್ತದೆ, ಅದಕ್ಕೂ ಹಿಂದೆ ಮಾಡಿದ ಕೆಲಸದ ತಪ್ಪುಗಳಿಗೆ ರಕ್ಷಣೆ ಇಲ್ಲ. ಆ ದಿನಾಂಕ ಮೂರನೆಯ ವರ್ಷದ್ದಾಗಿದ್ದರೆ, ನಾಲ್ಕು ವರ್ಷವೂ ತಪ್ಪದೆ ಕಂತು ಕಟ್ಟಿದ ಆ ಎಂಜಿನಿಯರಿಗೆ ಯಾವ ಪಾಲಿಸಿಯೂ ಹಣ ಕೊಡುವುದಿಲ್ಲ. ಕಂಪನಿ ಬದಲಾಯಿಸುವಾಗ ಹಳೆಯ ಪೂರ್ವಾನ್ವಯ ದಿನಾಂಕವನ್ನೇ ಹೊಸ ಪಾಲಿಸಿಯಲ್ಲೂ ಮುಂದುವರಿಸಿ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಹೊಸ ಕಂಪನಿ ಅದಕ್ಕೆ ಒಪ್ಪದಿದ್ದರೆ ಎಷ್ಟೇ ಕಡಿಮೆ ಕಂತಾದರೂ ಆ ಬದಲಾವಣೆ ಲಾಭದ್ದಲ್ಲ. ಅದೇ ರೀತಿ, ಗ್ರಾಹಕರು ಇನ್ನೂ ಪರಿಹಾರ ಕೇಳಿಲ್ಲವಾದರೂ ಅಸಮಾಧಾನದ ಪತ್ರ ಬರೆದಿದ್ದರೆ, ಅಥವಾ ತಪ್ಪು ನಿಮ್ಮ ಗಮನಕ್ಕೇ ಬಂದಿದ್ದರೆ, ಆಗಿನ ಪಾಲಿಸಿ ಮುಗಿಯುವ ಮೊದಲೇ ಅದನ್ನು ಕಂಪನಿಗೆ ತಿಳಿಸಿಡಬೇಕು. ತಿಳಿಸಿಟ್ಟ ಸಂಗತಿಯಿಂದ ಮುಂದೆ ಹುಟ್ಟುವ ಕ್ಲೇಮನ್ನು ಆ ಪಾಲಿಸಿಗೇ ಸೇರಿಸಿಕೊಳ್ಳುವ ಅವಕಾಶವನ್ನು ಬಹಳಷ್ಟು ಪಾಲಿಸಿಗಳು ಕೊಡುತ್ತವೆ. ಹೊಸ ಕಂಪನಿಯಾದರೋ ಮೊದಲೇ ಗೊತ್ತಿದ್ದ ಸಂಗತಿಗೆ ಹಣ ಕೊಡುವುದಿಲ್ಲ.

ವಿಮಾ ಮೊತ್ತದ ಸಂಖ್ಯೆಯೂ ಒಂದೇ ನೋಟಕ್ಕೆ ಪೂರ್ತಿ ವಿಷಯ ಹೇಳುವುದಿಲ್ಲ. ಎರಡು ಕಂಪನಿಗಳು 50 ಲಕ್ಷದ ರಕ್ಷಣೆ ಎಂದು ಹೇಳುತ್ತವೆ ಎಂದುಕೊಳ್ಳೋಣ. ಒಂದರಲ್ಲಿ ಅದು ಪ್ರತಿಯೊಂದು ಕ್ಲೇಮಿಗೂ ದೊರೆಯುವ ಮಿತಿ, ಇನ್ನೊಂದರಲ್ಲಿ ಇಡೀ ವರ್ಷದ ಎಲ್ಲ ಕ್ಲೇಮುಗಳಿಗೂ ಸೇರಿದ ಒಟ್ಟು ಮಿತಿ. ಜೊತೆಗೆ ವಕೀಲರ ಶುಲ್ಕ ಮತ್ತು ತಜ್ಞರ ವೆಚ್ಚ ಆ ಮೊತ್ತದ ಒಳಗೇ ಸೇರಿದೆಯೇ, ಹೊರಗೆ ಪ್ರತ್ಯೇಕವಾಗಿ ದೊರೆಯುತ್ತದೆಯೇ ಎಂಬ ಪ್ರಶ್ನೆ ಇದೆ. ಒಳಗೇ ಸೇರಿದ್ದರೆ, ವ್ಯಾಜ್ಯಕ್ಕೆ 15 ಲಕ್ಷ ಖರ್ಚಾದ ಮೇಲೆ ಪರಿಹಾರಕ್ಕೆ ಉಳಿಯುವುದು 35 ಲಕ್ಷ ಮಾತ್ರ. ಹೊಣೆಗಾರಿಕೆ ವಿಮೆಯ ಅರ್ಧ ಬೆಲೆ ಇರುವುದೇ ನಮ್ಮ ಪರವಾಗಿ ವಾದ ಹೂಡುವ ಭರವಸೆಯಲ್ಲಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಧಾರವೇ ಇಲ್ಲದ ಆರೋಪವನ್ನು ತಳ್ಳಿಹಾಕಿಸಲೂ ಹಣ ಬೇಕು, ಒಬ್ಬರೇ ದುಡಿಯುವವರಿಗೆ ಅದನ್ನು ಹೊಂದಿಸುವುದು ಸುಲಭವಲ್ಲ. ಆದ್ದರಿಂದ ವ್ಯಾಜ್ಯದ ವೆಚ್ಚ ಹೊರಗಿರುವ, ಪ್ರತಿ ಕ್ಲೇಮಿಗೂ ಮಿತಿ ಅನ್ವಯವಾಗುವ 40 ಲಕ್ಷದ ಪಾಲಿಸಿ, ಎಲ್ಲವನ್ನೂ ಒಳಗೆ ತುಂಬಿಕೊಂಡ 50 ಲಕ್ಷದ ಪಾಲಿಸಿಗಿಂತ ಉತ್ತಮವಾಗಿರಬಹುದು.

ಎಷ್ಟು ಮೊತ್ತ ಸಾಕು ಎಂಬುದನ್ನು ನಿಮ್ಮ ಆದಾಯದಿಂದ ಅಳೆಯಬಾರದು. ಸಣ್ಣ ಶುಲ್ಕ ಪಡೆದು ಮಾಡಿದ ಕೆಲಸದಿಂದಲೂ ದೊಡ್ಡ ಹಾನಿ ಆಗಬಹುದು. ನೀವು ಕೆಲಸ ಮಾಡುವ ಅತಿ ದೊಡ್ಡ ಗ್ರಾಹಕರು ನಿಮ್ಮ ತಪ್ಪಿನಿಂದ ಎಷ್ಟು ಕಳೆದುಕೊಳ್ಳಬಹುದು, ನೀವು ಹೋಗುವ ಅತಿ ಬೆಲೆಬಾಳುವ ಕಟ್ಟಡಕ್ಕೆ ಎಷ್ಟು ಹಾನಿಯಾಗಬಹುದು ಎಂಬುದೇ ಲೆಕ್ಕದ ಆರಂಭ. ಕೆಲವು ಗ್ರಾಹಕರು ಒಪ್ಪಂದದಲ್ಲೇ ಕನಿಷ್ಠ ಮೊತ್ತವನ್ನು ನಿಗದಿ ಮಾಡುತ್ತಾರೆ. ಅಂಥ ಒಪ್ಪಂದಗಳಿಗೆ ಸಹಿ ಮಾಡುವಾಗ, ಕಾನೂನು ಹೇರುವುದಕ್ಕಿಂತ ಹೆಚ್ಚಿನ ಹೊಣೆಯನ್ನು ನೀವಾಗಿ ಒಪ್ಪಿಕೊಂಡರೆ ಆ ಹೆಚ್ಚುವರಿ ಪಾಲಿಗೆ ವಿಮೆ ಅನ್ವಯಿಸದಿರಬಹುದು ಎಂಬುದನ್ನೂ ನೆನಪಿಡಬೇಕು. ದೂರದೇಶದ ಗ್ರಾಹಕರಿಗೆ ಅಂತರ್ಜಾಲದ ಮೂಲಕ ಸೇವೆ ಕೊಡುವವರು ಯಾವ ಯಾವ ದೇಶಗಳ ನ್ಯಾಯಾಲಯಗಳಲ್ಲಿ ಹೂಡುವ ದಾವೆಗೆ ಪಾಲಿಸಿ ಅನ್ವಯಿಸುತ್ತದೆ ಎಂದು ನೋಡಲೇಬೇಕು. ಪರಿಹಾರದ ಮೊತ್ತಗಳು ಅಲ್ಲಿ ದೊಡ್ಡವಾಗಿರುವುದರಿಂದ ಅಮೆರಿಕ ಮತ್ತು ಕೆನಡಾಗಳನ್ನು ಹೊರಗಿಡುವ ಪಾಲಿಸಿಗಳು ಬಹಳ.

ದುಡಿಯುವ ಮೈಗೆ ವಿಮೆ

ಒಬ್ಬರೇ ನಡೆಸುವ ಉದ್ಯೋಗದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಯಂತ್ರವೆಂದರೆ ದುಡಿಯುವವರ ದೇಹ. ಅದಕ್ಕೆ ಬೇಕಾದ ವಿಮೆಯನ್ನು ವ್ಯಾಪಾರ ವಿಮೆಯ ಪಟ್ಟಿಯಲ್ಲಿ ಸೇರಿಸದೆ, ವೈಯಕ್ತಿಕ ವಿಚಾರವೆಂದು ಪಕ್ಕಕ್ಕಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕೆಲಸಕ್ಕೆ ಹೋಗದ ದಿನ ಸಂಬಳ ಕೊಡುವವರು ಯಾರೂ ಇಲ್ಲದಿರುವಾಗ, ಅನಾರೋಗ್ಯವೇ ವ್ಯವಹಾರಕ್ಕೆ ಬೀಳುವ ಬೆಂಕಿ.

ಇಲ್ಲಿ ನಾಲ್ಕು ಬಗೆಯ ಪಾಲಿಸಿಗಳು ಒಂದರೊಡನೊಂದು ಗೊಂದಲವಾಗುತ್ತವೆ. ಆರೋಗ್ಯ ವಿಮೆ ಆಸ್ಪತ್ರೆಯ ಖರ್ಚನ್ನು ಕೊಡುತ್ತದೆ, ಮನೆಯಲ್ಲಿ ಚೇತರಿಸಿಕೊಳ್ಳುವ ಮೂರು ತಿಂಗಳ ಸಂಪಾದನೆಯನ್ನು ಕೊಡುವುದಿಲ್ಲ. ವೈಯಕ್ತಿಕ ಅಪಘಾತ ವಿಮೆ ಅಗ್ಗ, ಆದರೆ ಅಪಘಾತಕ್ಕೆ ಮಾತ್ರ ಅನ್ವಯ. ಬೆನ್ನುನೋವು, ಹೃದಯದ ಕಾಯಿಲೆ, ಮನಸ್ಸಿನ ಬೇನೆ ಇವು ಅದರಲ್ಲಿ ಬರುವುದಿಲ್ಲ. ಗಂಭೀರ ಕಾಯಿಲೆ ವಿಮೆ ಪಟ್ಟಿಯಲ್ಲಿರುವ ರೋಗಗಳು ನಿಗದಿತ ತೀವ್ರತೆಯಲ್ಲಿ ಪತ್ತೆಯಾದಾಗ ಒಂದೇ ಗಂಟು ಹಣ ಕೊಡುತ್ತದೆ, ಪಟ್ಟಿಯ ಹೊರಗಿನದಕ್ಕೆ ಏನೂ ಇಲ್ಲ. ಆದಾಯ ರಕ್ಷಣೆ ವಿಮೆ ಮಾತ್ರವೇ, ಕಾರಣ ಕಾಯಿಲೆಯಾಗಲಿ ಗಾಯವಾಗಲಿ, ದುಡಿಯಲಾಗದ ಅವಧಿಯಲ್ಲಿ ತಿಂಗಳು ತಿಂಗಳು ಆದಾಯದ ಒಂದು ಪಾಲನ್ನು ಕೊಡುತ್ತಾ ಹೋಗುವಂಥದು. ಅದು ದೊರೆಯುವ ಕಡೆ ನನ್ನ ಮೊದಲ ಆಯ್ಕೆ ಅದೇ. ದೊರೆಯದ ಕಡೆ ಅಪಘಾತ ವಿಮೆಯನ್ನೂ ಗಂಭೀರ ಕಾಯಿಲೆ ವಿಮೆಯನ್ನೂ ಜೋಡಿಸಿಕೊಂಡು, ಉಳಿದ ಬಿರುಕನ್ನು ಕೆಲವು ತಿಂಗಳ ಖರ್ಚಿನಷ್ಟು ಉಳಿತಾಯದಿಂದ ಮುಚ್ಚಿಕೊಳ್ಳಬೇಕಾಗುತ್ತದೆ.

ಆದಾಯ ರಕ್ಷಣೆಯ ಪಾಲಿಸಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವಾಗ, ದುಡಿಯಲಾಗದ ಸ್ಥಿತಿ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯೇ ಮೊದಲು. ನಿಮ್ಮ ಸ್ವಂತ ವೃತ್ತಿಯನ್ನು ಮಾಡಲಾಗದಿದ್ದರೆ ಸಾಕು ಎನ್ನುವ ಪಾಲಿಸಿಗೂ, ಯಾವ ಕೆಲಸವನ್ನೂ ಮಾಡಲಾಗದಿದ್ದರೆ ಮಾತ್ರ ಎನ್ನುವ ಪಾಲಿಸಿಗೂ ಅಜಗಜಾಂತರ. ಬೆರಳುಗಳ ನಡುಕದಿಂದ ಹಲ್ಲಿನ ಚಿಕಿತ್ಸೆ ನಿಲ್ಲಿಸಿದ ದಂತವೈದ್ಯರಿಗೆ ಮೊದಲನೆಯದು ಹಣ ಕೊಡುತ್ತದೆ. ಎರಡನೆಯದು, ನೀವು ಕುಳಿತು ಪಾಠ ಹೇಳಬಲ್ಲಿರಲ್ಲವೇ ಎಂದು ಕೇಳುತ್ತದೆ. ನಂತರದ್ದು ಕಾಯುವ ಅವಧಿ. ಕೆಲಸ ನಿಂತ ಎಷ್ಟು ದಿನಗಳ ಮೇಲೆ ಹಣ ಬರಲು ಆರಂಭವಾಗುತ್ತದೆ ಎಂಬುದು ನಾಲ್ಕು ವಾರಗಳಿಂದ ಹಿಡಿದು ಒಂದು ವರ್ಷದವರೆಗೂ ಇರಬಹುದು. ಈ ಅವಧಿ ಉದ್ದವಾದಷ್ಟೂ ಕಂತು ಇಳಿಯುತ್ತದೆ, ಆದ್ದರಿಂದ ಮೂರು ತಿಂಗಳ ಉಳಿತಾಯ ಇರುವವರು ಮೂರು ತಿಂಗಳ ಕಾಯುವ ಅವಧಿಯನ್ನು ಆರಿಸಿ, ಹಾಗೆ ಉಳಿದ ಹಣದಿಂದ ಪರಿಹಾರದ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಜಾಣತನ. ಎರಡು ವರ್ಷ ಮಾತ್ರ ಹಣ ಕೊಡುವ ಪಾಲಿಸಿಗಿಂತ ನಿವೃತ್ತಿಯ ವಯಸ್ಸಿನವರೆಗೂ ಕೊಡುವ ಪಾಲಿಸಿಗೆ ಎಷ್ಟೋ ಪಟ್ಟು ಹೆಚ್ಚು ಅರ್ಥವಿದೆ, ಏಕೆಂದರೆ ಸಂಸಾರವನ್ನು ಮುಳುಗಿಸುವುದು ದೀರ್ಘಕಾಲದ ಅಶಕ್ತತೆ.

ಒಂದು ಸೂಕ್ಷ್ಮ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಇಂಥ ಪಾಲಿಸಿಗಳು ಸಾಮಾನ್ಯವಾಗಿ ಆದಾಯದ ಅರ್ಧದಿಂದ ಮುಕ್ಕಾಲು ಪಾಲಿನವರೆಗೆ ಕೊಡುತ್ತವೆ, ಮತ್ತು ಆ ಆದಾಯವನ್ನು ತೆರಿಗೆ ಲೆಕ್ಕಪತ್ರಗಳಿಂದ ಸಾಬೀತುಪಡಿಸಬೇಕಾಗುತ್ತದೆ. ಖರ್ಚುಗಳನ್ನು ಕಳೆದು ಕಾಗದದ ಮೇಲೆ ಸಣ್ಣ ಲಾಭ ತೋರಿಸಿದವರಿಗೆ ಸಿಗುವ ಪರಿಹಾರವೂ ಸಣ್ಣದೇ. ಆದಾಯ ವರ್ಷದಿಂದ ವರ್ಷಕ್ಕೆ ಏರಿಳಿಯುವ ವೃತ್ತಿಯವರು, ಕ್ಲೇಮಿನ ಸಮಯದ ಆದಾಯವನ್ನು ನೋಡುತ್ತಾರೆಯೇ, ಪಾಲಿಸಿ ಕೊಳ್ಳುವಾಗ ಒಪ್ಪಿದ ಮೊತ್ತವನ್ನು ನೋಡುತ್ತಾರೆಯೇ, ಹಲವು ವರ್ಷಗಳ ಸರಾಸರಿಯನ್ನು ನೋಡುತ್ತಾರೆಯೇ ಎಂದು ಕೇಳಿ ತಿಳಿಯಬೇಕು. ಬಾಡಿಗೆ, ಸಾಲದ ಕಂತು, ಸಹಾಯಕರ ಸಂಬಳ ಇಂಥ ನಿಲ್ಲಿಸಲಾಗದ ಖರ್ಚುಗಳಿಗೆ ಬೇರೆಯೇ ಪಾಲಿಸಿ ಕೆಲವೆಡೆ ದೊರೆಯುತ್ತದೆ. ಸ್ವಂತ ಚಿಕಿತ್ಸಾಲಯವನ್ನೋ ಕಚೇರಿಯನ್ನೋ ನಡೆಸುವವರಿಗೆ ಅದು ಉಪಯುಕ್ತ, ಮನೆಯ ಕೋಣೆಯಿಂದ ಕೆಲಸ ಮಾಡುವವರಿಗೆ ಅನಗತ್ಯ.

ಸಲಕರಣೆ, ಸರಕು, ಸ್ಥಗಿತಗೊಂಡ ವ್ಯವಹಾರ

ವಸ್ತುಗಳ ವಿಮೆಯಲ್ಲಿ ಎರಡು ಮೌಲ್ಯಗಳ ನಡುವೆ ಆಯ್ಕೆ ಇರುತ್ತದೆ. ಹೊಸದನ್ನು ಕೊಳ್ಳುವ ಬೆಲೆ ಕೊಡುವ ಪಾಲಿಸಿ ಒಂದು, ಬಳಕೆಯ ಸವಕಳಿಯನ್ನು ಕಳೆದು ಉಳಿದ ಬೆಲೆ ಕೊಡುವ ಪಾಲಿಸಿ ಇನ್ನೊಂದು. ಐದು ವರ್ಷ ಹಳೆಯ ಯಂತ್ರ ಸುಟ್ಟುಹೋದಾಗ ಎರಡನೆಯ ಬಗೆಯ ಪಾಲಿಸಿಯಿಂದ ಬರುವ ಹಣದಲ್ಲಿ ಅಂಥದೇ ಯಂತ್ರ ಕೊಂಡು ಕೆಲಸ ಮುಂದುವರಿಸಲು ಆಗುವುದಿಲ್ಲ. ಯಂತ್ರವಿಲ್ಲದೆ ಕೆಲಸವೇ ಇಲ್ಲ ಎನ್ನುವವರು ಮೊದಲನೆಯದನ್ನೇ ಆರಿಸಬೇಕು.

ಮೌಲ್ಯವನ್ನು ಕಡಿಮೆ ಹೇಳಿ ಕಂತು ಉಳಿಸುವ ಯೋಚನೆ ಎಷ್ಟು ಅಪಾಯದ್ದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಅಂಗಡಿಯ ಸರಕಿನ ನಿಜ ಬೆಲೆ 10 ಲಕ್ಷ, ವಿಮೆ ಮಾಡಿಸಿದ್ದು 6 ಲಕ್ಷಕ್ಕೆ, ಬೆಂಕಿಯಲ್ಲಿ ಹಾಳಾದದ್ದು 3 ಲಕ್ಷದ ಸರಕು ಎಂದಿಟ್ಟುಕೊಳ್ಳಿ. ನಷ್ಟ ವಿಮಾ ಮೊತ್ತಕ್ಕಿಂತ ಕಡಿಮೆಯಿರುವುದರಿಂದ ಪೂರ್ತಿ 3 ಲಕ್ಷ ಬರುತ್ತದೆ ಎಂದು ತೋರುತ್ತದೆ. ಆದರೆ ಪಾಲಿಸಿಯಲ್ಲಿ ಸರಾಸರಿ ನಿಯಮ ಇದ್ದರೆ, ಹತ್ತರಲ್ಲಿ ಆರು ಪಾಲಿಗೆ ಮಾತ್ರ ವಿಮೆ ಇತ್ತು ಎಂದು ಪರಿಗಣಿಸಿ ಕಂಪನಿ 1.8 ಲಕ್ಷ ಕೊಡುತ್ತದೆ, ಉಳಿದ 1.2 ಲಕ್ಷ ನಿಮ್ಮ ಪಾಲು. ಸರಕು ವರ್ಷದ ಕೆಲವು ತಿಂಗಳು ಮಾತ್ರ ಹೆಚ್ಚಿರುವ ವ್ಯಾಪಾರಗಳಲ್ಲಿ ಆ ತಿಂಗಳುಗಳಿಗೆ ಮೊತ್ತ ಏರಿಸುವ ಸೌಲಭ್ಯ ಇದೆಯೇ ಎಂದು ಕೇಳುವುದು ಇದೇ ಕಾರಣಕ್ಕೆ. ಕಳ್ಳತನದ ವ್ಯಾಖ್ಯೆಯನ್ನೂ ಓದಬೇಕು. ಬೀಗ ಅಥವಾ ಬಾಗಿಲು ಮುರಿದ ಗುರುತು ಇರಲೇಬೇಕು ಎನ್ನುವ ಪಾಲಿಸಿಗಳಿವೆ, ನಿಲ್ಲಿಸಿಹೋದ ವಾಹನದೊಳಗೆ ಇಟ್ಟಿದ್ದ ಸಲಕರಣೆಗೆ ರಾತ್ರಿ ವೇಳೆ ರಕ್ಷಣೆ ಇಲ್ಲ ಎನ್ನುವವೂ ಇವೆ. ಊರಿಂದೂರಿಗೆ ಸಲಕರಣೆ ಹೊತ್ತು ಓಡಾಡುವವರಿಗೆ ಇದು ಮುಖ್ಯ.

ಬೆಂಕಿ ಅಥವಾ ಪ್ರವಾಹದಿಂದ ಅಂಗಡಿ ಮುಚ್ಚಿದ್ದ ಕಾಲದಲ್ಲಿ ಕೈತಪ್ಪಿದ ಲಾಭವನ್ನು ತುಂಬಿಕೊಡುವ ವ್ಯವಹಾರ ಸ್ಥಗಿತ ವಿಮೆಯ ವಿಚಾರದಲ್ಲಿ 2020ರ ಕೋವಿಡ್ ಎಲ್ಲರಿಗೂ ಪಾಠ ಕಲಿಸಿತು. ಈ ವಿಮೆ ಸಾಮಾನ್ಯವಾಗಿ ಅನ್ವಯವಾಗುವುದು ವಿಮೆ ಮಾಡಿಸಿದ ಆಸ್ತಿಗೆ ಭೌತಿಕ ಹಾನಿಯಾದಾಗ. ಅಂಗಡಿ ಗಟ್ಟಿಮುಟ್ಟಾಗಿದ್ದು ಸರ್ಕಾರದ ಆದೇಶದಿಂದ ಬಾಗಿಲು ಮುಚ್ಚಿದ್ದಕ್ಕೆ ಅನೇಕ ಪಾಲಿಸಿಗಳಲ್ಲಿ ಜಾಗವಿರಲಿಲ್ಲ. ಬ್ರಿಟನ್ನಿನಲ್ಲಿ ಈ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2021ರ ಜನವರಿಯಲ್ಲಿ ಬಂದ ತೀರ್ಪು ಸಾಂಕ್ರಾಮಿಕ ರೋಗ ಮತ್ತು ಪ್ರವೇಶ ನಿರ್ಬಂಧದ ಕುರಿತ ಕೆಲವು ಷರತ್ತುಗಳನ್ನು ಬಹುಮಟ್ಟಿಗೆ ವಿಮೆ ಮಾಡಿಸಿದವರ ಪರವಾಗಿ ಅರ್ಥೈಸಿತು. ಒಂದೇ ಹೆಸರಿನ ವಿಮೆ ಇದ್ದವರಲ್ಲಿ ಕೆಲವರಿಗೆ ಹಣ ಬಂತು, ಕೆಲವರಿಗೆ ಬರಲಿಲ್ಲ, ವ್ಯತ್ಯಾಸ ಇದ್ದದ್ದು ಷರತ್ತಿನ ಪದಗಳಲ್ಲಿ. ಲ್ಯಾಪ್‌ಟಾಪ್ ಎತ್ತಿಕೊಂಡು ಬೇರೆಡೆ ಕುಳಿತು ಕೆಲಸ ಮಾಡಬಲ್ಲವರಿಗೆ ಈ ವಿಮೆಯ ಅಗತ್ಯ ಕಡಿಮೆ. ಬೇಕರಿ, ಮುದ್ರಣಾಲಯ, ಕಾರ್ಯಾಗಾರ ಇಂಥ ಸ್ಥಳಕ್ಕೆ ಅಂಟಿಕೊಂಡ ದುಡಿಮೆಯವರಿಗೆ ಬೇಕು, ಮತ್ತು ಅವರು ಪರಿಹಾರದ ಅವಧಿಯನ್ನು ಕಟ್ಟಡ ದುರಸ್ತಿಯಾಗುವ ಕಾಲಕ್ಕೆ ಮಾತ್ರವಲ್ಲದೆ, ಬಿಟ್ಟುಹೋದ ಗ್ರಾಹಕರು ಮರಳುವ ಕಾಲಕ್ಕೂ ಲೆಕ್ಕ ಹಾಕಿ ಆರಿಸಬೇಕು.

ಗ್ರಾಹಕರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರಿಗೆ, ಅದು ಕಳುವಾದಾಗ ಅಥವಾ ಸೋರಿಹೋದಾಗ ಆಗುವ ನಷ್ಟಕ್ಕೆ ಸೈಬರ್ ವಿಮೆ ಉಂಟು. ವೈದ್ಯಕೀಯ ಅಥವಾ ಹಣಕಾಸಿನ ದಾಖಲೆ ನೋಡಿಕೊಳ್ಳುವವರು ಅದನ್ನು ಗಂಭೀರವಾಗಿ ಪರಿಗಣಿಸಬೇಕು, ಉಳಿದವರಿಗೆ ಅದೇ ಹಣದಿಂದ ಒಳ್ಳೆಯ ಬ್ಯಾಕಪ್ ವ್ಯವಸ್ಥೆ ಮಾಡಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಸಹಾಯಕರನ್ನು ಇಟ್ಟುಕೊಂಡಿದ್ದರೆ ನೌಕರರ ಪರಿಹಾರ ವಿಮೆ ಅನೇಕ ದೇಶಗಳಲ್ಲಿ ಕಾನೂನಿನ ಕಡ್ಡಾಯ, ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ದಿನಗೂಲಿಯವರೂ, ಬಿಡುವಿನಲ್ಲಿ ಬಂದು ನೆರವಾಗುವವರೂ ನೌಕರರೆಂದು ಪರಿಗಣಿತರಾಗಬಹುದು.

ಎರಡು ದರಪಟ್ಟಿಗಳ ನಡುವೆ

ಏನು ಬೇಕೆಂದು ನಿರ್ಧರಿಸಿದ ಮೇಲೆ ಯಾರಿಂದ ಎಂಬ ಪ್ರಶ್ನೆ ಬರುತ್ತದೆ. ಏಜೆಂಟರು ಸಾಮಾನ್ಯವಾಗಿ ವಿಮಾ ಕಂಪನಿಯ ಪರವಾಗಿ ಕೆಲಸ ಮಾಡುವವರು, ಬ್ರೋಕರುಗಳು ಗ್ರಾಹಕರ ಪರವಾಗಿ ಹಲವು ಕಂಪನಿಗಳಲ್ಲಿ ಹುಡುಕುವವರು. ಇಬ್ಬರಿಗೂ ಕಮಿಷನ್ ಬರುವುದು ಹೆಚ್ಚಾಗಿ ಕಂಪನಿಯಿಂದಲೇ. ಸಾಧಾರಣ ವೃತ್ತಿಗಳಿಗೆ ಅಂತರ್ಜಾಲದಲ್ಲಿ ನೇರವಾಗಿ ಕೊಳ್ಳುವ ಸಿದ್ಧ ಪ್ಯಾಕೇಜು ಸಾಕಾಗಬಹುದು. ಕೆಲಸ ಸ್ವಲ್ಪವಾದರೂ ವಿಶಿಷ್ಟವಾಗಿದ್ದರೆ, ಉದಾಹರಣೆಗೆ ಎತ್ತರದಲ್ಲಿ, ಬೆಂಕಿಯೊಡನೆ, ಮಕ್ಕಳೊಡನೆ ಅಥವಾ ವಿದೇಶಿ ಗ್ರಾಹಕರೊಡನೆ ಕೆಲಸವಿದ್ದರೆ, ಆ ವೃತ್ತಿಯ ಕ್ಲೇಮುಗಳನ್ನು ನಿರ್ವಹಿಸಿ ಅನುಭವವಿರುವ ಬ್ರೋಕರನ್ನು ಹುಡುಕುವುದು ಸರಿ. ವೃತ್ತಿ ಸಂಘಗಳು ಸದಸ್ಯರಿಗಾಗಿ ಮಾಡಿಸಿಕೊಂಡಿರುವ ಗುಂಪು ಪಾಲಿಸಿಗಳಲ್ಲಿ ಷರತ್ತುಗಳು ಆ ವೃತ್ತಿಗೆ ಹೊಂದುವಂತೆ ಇರುವುದುಂಟು, ಆದರೆ ಅಲ್ಲಿಯೂ ಒಟ್ಟು ಮಿತಿ ಎಲ್ಲ ಸದಸ್ಯರಿಗೂ ಸೇರಿದ್ದೇ ಎಂದು ವಿಚಾರಿಸಬೇಕು.

ದರಪಟ್ಟಿಗಳು ಕೈಗೆ ಬಂದಾಗ ಮೊದಲು ಅವುಗಳನ್ನು ಒಂದೇ ಮಟ್ಟಕ್ಕೆ ತಂದುಕೊಳ್ಳಬೇಕು: ಒಂದೇ ವಿಮಾ ಮೊತ್ತ, ಒಂದೇ ಡಿಡಕ್ಟಿಬಲ್, ಒಂದೇ ಅವಧಿ. ಹಾಗೆ ಮಾಡದೆ ಕಂತುಗಳನ್ನು ಹೋಲಿಸಿದರೆ ಏನನ್ನೂ ಹೋಲಿಸಿದಂತಾಗುವುದಿಲ್ಲ. ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೇಮಿನಲ್ಲೂ ಮೊದಲು ನೀವು ಭರಿಸಬೇಕಾದ ಪಾಲು. ಅದನ್ನು 10 ಸಾವಿರದಿಂದ 50 ಸಾವಿರಕ್ಕೆ ಏರಿಸಿದರೆ ಕಂತಿನಲ್ಲಿ ವರ್ಷಕ್ಕೆ 4 ಸಾವಿರ ಉಳಿಯುತ್ತದೆ ಎಂದಾದರೆ, ಹತ್ತು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಕ್ಲೇಮು ಬರುವುದಿಲ್ಲ ಎಂಬ ನಂಬಿಕೆ ಇರುವವರಿಗೆ ಮಾತ್ರ ಅದು ಲಾಭ. ಸಣ್ಣ ನಷ್ಟಗಳನ್ನು ತಾವೇ ಭರಿಸಿ ದೊಡ್ಡದಕ್ಕೆ ಮಾತ್ರ ವಿಮೆಯನ್ನು ನೆಚ್ಚುವುದು ನನಗೆ ಸರಿಯೆನಿಸುತ್ತದೆ, ಆ 50 ಸಾವಿರ ಯಾವ ದಿನ ಕೇಳಿದರೂ ಕೈಯಲ್ಲಿ ಇರುವುದಾದರೆ. ಆಮೇಲೆ ಓದಬೇಕಾದದ್ದು ಕರಪತ್ರವನ್ನಲ್ಲ, ಪಾಲಿಸಿಯ ಪೂರ್ಣ ಪಠ್ಯವನ್ನು, ಅದರಲ್ಲೂ ಯಾವ ಸಂದರ್ಭಗಳಲ್ಲಿ ಹಣ ಕೊಡುವುದಿಲ್ಲ ಎಂಬ ಭಾಗವನ್ನು. ನಿಮ್ಮ ವೃತ್ತಿಯಲ್ಲಿ ನಡೆಯಬಹುದಾದ ಮೂರು ಕೆಟ್ಟ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಈ ಸಂದರ್ಭದಲ್ಲಿ ಹಣ ಬರುತ್ತದೆಯೇ, ಯಾವ ಷರತ್ತಿನಡಿ ಎಂದು ಪ್ರತಿ ಕಂಪನಿಗೂ ಇಮೇಲ್ ಮಾಡಿ ಲಿಖಿತ ಉತ್ತರ ಪಡೆಯಿರಿ. ಎರಡು ಪಾಲಿಸಿಗಳ ನಿಜವಾದ ವ್ಯತ್ಯಾಸ ಆ ಉತ್ತರಗಳಲ್ಲಿ ಕಾಣಿಸುವಷ್ಟು ಬೇರೆಲ್ಲೂ ಕಾಣಿಸುವುದಿಲ್ಲ.

ಪ್ರಸ್ತಾವನಾ ಪತ್ರವನ್ನು ತುಂಬುವಾಗ ಮುಚ್ಚುಮರೆ ಇರಬಾರದು. 1766ರಲ್ಲಿ ಕಾರ್ಟರ್ ವಿರುದ್ಧ ಬೋಮ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳು ಹೆಚ್ಚಾಗಿ ವಿಮೆ ಮಾಡಿಸುವವರಿಗಷ್ಟೇ ಗೊತ್ತಿರುವುದರಿಂದ ಅವರು ಅವನ್ನು ಬಚ್ಚಿಡಬಾರದು ಎಂಬ ತತ್ವವನ್ನು ಸ್ಪಷ್ಟಪಡಿಸಿದರು. ಅದೇ ತೀರ್ಪು, ವಿಮೆ ಕೊಡುವವರು ತಾವಾಗಿ ತಿಳಿದಿರಬೇಕಾದದ್ದನ್ನು ಹೇಳಲಿಲ್ಲವೆಂದು ನೆಪ ಹೂಡುವಂತಿಲ್ಲ ಎಂದೂ ಹೇಳಿ, ವಿಮೆ ಮಾಡಿಸಿದವರ ಪರವಾಗಿಯೇ ಹೊರಬಿತ್ತು. ಕಾನೂನು ಆಮೇಲೆ ದೇಶದಿಂದ ದೇಶಕ್ಕೆ ಬೇರೆ ಬೇರೆ ದಾರಿ ಹಿಡಿದಿದ್ದರೂ, ಹಿಂದಿನ ಕ್ಲೇಮು, ಹಳೆಯ ಕಾಯಿಲೆ, ಕೆಲಸದ ನಿಜವಾದ ಸ್ವರೂಪ ಇವುಗಳನ್ನು ಮರೆಮಾಚಿದ ಪಾಲಿಸಿ ಬೇಕಾದ ದಿನ ಕೈಕೊಡುವುದು ಇಂದಿಗೂ ನಿಜ. ಪತ್ರವನ್ನು ಏಜೆಂಟರು ತುಂಬಿದರೂ ಸಹಿ ನಿಮ್ಮದು. ಆದ್ದರಿಂದ ಅದರ ಒಂದು ನಕಲನ್ನು ಇಟ್ಟುಕೊಳ್ಳಬೇಕು, ವರ್ಷದ ನಡುವೆ ಹೊಸ ಬಗೆಯ ಕೆಲಸ ಆರಂಭಿಸಿದರೆ ಆಗಲೇ ತಿಳಿಸಬೇಕು, ನವೀಕರಣದವರೆಗೆ ಕಾಯಬಾರದು.

ಘಟನೆ ನಡೆದ ದಿನ ಪಾಲಿಸಿಯ ಬೆಲೆ ಉಳಿಯುವುದೂ ಅಳಿಯುವುದೂ ನಮ್ಮ ನಡವಳಿಕೆಯಿಂದ. ಗಾಯಗೊಂಡವರಿಗೆ ನೆರವಾಗಿ, ಚಿತ್ರಗಳನ್ನು ತೆಗೆದಿಟ್ಟುಕೊಂಡು, ಕಂಪನಿಗೆ ಕೂಡಲೇ ತಿಳಿಸಬೇಕು. ಆದರೆ ತಪ್ಪು ನನ್ನದೇ, ಖರ್ಚೆಲ್ಲ ನಾನೇ ಕೊಡುತ್ತೇನೆ ಎಂದು ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಡುವುದನ್ನು ಹೊಣೆಗಾರಿಕೆಯ ಪಾಲಿಸಿಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ಸೌಜನ್ಯದ ಮಾತಿಗೆ ಅಡ್ಡಿಯಿಲ್ಲ, ಹೊಣೆಯ ಮಾತನ್ನು ಕಂಪನಿಯ ವಕೀಲರಿಗೆ ಬಿಡಬೇಕು.

ಉದ್ಯೋಗವನ್ನು ನಿಲ್ಲಿಸುವ ದಿನದ ಬಗ್ಗೆಯೂ ಪಾಲಿಸಿ ಕೊಳ್ಳುವ ದಿನವೇ ಕೇಳಿಡುವುದು ಒಳ್ಳೆಯದು. ಕ್ಲೇಮು ಆಧಾರಿತ ವೃತ್ತಿ ಹೊಣೆಗಾರಿಕೆ ವಿಮೆ ಇದ್ದವರು ನಿವೃತ್ತರಾಗಿ ಕಂತು ನಿಲ್ಲಿಸಿದ ಮರುದಿನವೇ ಹಳೆಯ ಕೆಲಸಗಳಿಗೆ ರಕ್ಷಣೆ ಇಲ್ಲದವರಾಗುತ್ತಾರೆ, ಅವರ ಮೇಲೆ ದಾವೆ ಹೂಡುವ ಕಾಲಾವಕಾಶ ಮಾತ್ರ ಗ್ರಾಹಕರಿಗೆ ಇನ್ನೂ ಕೆಲವು ವರ್ಷ ಉಳಿದಿರುತ್ತದೆ. ಆ ಅವಧಿಗೆ ರನ್‌ಆಫ್ ಎಂದು ಕರೆಯುವ ವಿಸ್ತರಣೆ ದೊರೆಯುತ್ತದೆ. ಅದನ್ನು ಎಷ್ಟು ವರ್ಷಕ್ಕೆ, ಯಾವ ಲೆಕ್ಕದ ಕಂತಿಗೆ ಕೊಡುತ್ತೀರಿ, ಉದ್ಯೋಗಿ ತೀರಿಕೊಂಡರೆ ಅವರ ವಾರಸುದಾರರಿಗೂ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಪಾಲಿಸಿಯಲ್ಲೇ ಉತ್ತರ ಬರೆದಿರುವ ಕಂಪನಿ, ಆಗ ನೋಡೋಣ ಎನ್ನುವ ಕಂಪನಿಗಿಂತ ಸ್ವಲ್ಪ ಹೆಚ್ಚು ಕಂತು ಕೇಳಿದರೂ ನಾನು ಅದನ್ನೇ ಆರಿಸುತ್ತೇನೆ.